ಅಡ್ಡ ಮಲಗಿದ ಬಾವಿ

ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದ ಕೃಷಿಕ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ 'ಏಕಾಂಗಿ ಸಾಹಸ' ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆ ಕೆಲಸ ಹೇಗೆ ಮಾಡ್ತಾರೆ ಅಂತ ಕೇಳಿದವರು ಕಡಿಮೆ.

ದಕ್ಷಿಣ ಕನ್ನಡದ ಅಡ್ಯನಡ್ಕದ ಹತ್ತಿರ ಬೋಳುಗುಡ್ಡ, ತೋಟದ ಕೂಲಿಯಾಗಿದ್ದ ಅವರಿಗೆ ಸಿಕ್ಕ ಎರಡು ಎಕರೆ, ಹನಿ ನೀರಿಲ್ಲ. ಬಾವಿಯನ್ನು ಅಡ್ಡ ಮಲಗಿಸಿದ ಹಾಗೆ ಗುಡ್ಡದ ಹೊಟ್ಟೆಗೆ ಕೊರೆಯುವುದೇ ಸುರಂಗ. ಒಬ್ಬರು ನುಗ್ಗಿ ಪಿಕ್ಕಾಸು ಬೀಸುವಷ್ಟೇ ಜಾಗ. ತಳ ಬಾಯಿಯ ಕಡೆಗೆ ತುಸು ಇಳಿಜಾರಿರಬೇಕು; ಆಗ ಒಸರಿದ ನೀರು ಪಂಪು, ಕರೆಂಟು ಇಲ್ಲದೆ ತಾನಾಗಿ ಹರಿದು ಬರುತ್ತದೆ. ಗಟ್ಟಿ ಮುರಕಲ್ಲಾದರೆ (ಜಂಬಿಟ್ಟಿಗೆ ಕಲ್ಲು) ಮೇಲ್ಭಾಗ ಆಸರೆಯಿಲ್ಲದೆ ನಿಲ್ಲುತ್ತದೆ. ಸಡಿಲ ಮಣ್ಣು ಸಿಕ್ಕಿದರೆ ಕುಸಿತದ ಭಯ. ಒಳಕ್ಕೆ ಹೋದಷ್ಟೂ ಗಾಳಿ ಕಡಿಮೆ. ದೀಪ ಮಂಕಾಯಿತೋ, ತಕ್ಷಣ ಹೊರಗೆ ಬರಬೇಕು, ಅಲ್ಲಿ ಹಠ ನಡೆಯಲ್ಲ. ಅಗೆದ ಮಣ್ಣನ್ನು ಹೊತ್ತು ಹೊರಗೆ ಸುರಿಯುವುದೇ ಅರ್ಧ ದುಡಿಮೆ. ಇದೆಲ್ಲ ಹಗಲಿಡೀ ಕೂಲಿ ಮುಗಿಸಿ ಬಂದ ಮೇಲೆ!

ಅವರು ಕೊರೆದ ಮೊದಲ ಸುರಂಗಗಳು ದಕ್ಕಲಿಲ್ಲ. ವರ್ಷಗಟ್ಟಲೆ ಬೆವರು ಮಣ್ಣುಪಾಲಾದರೂ ಮತ್ತೊಂದು ಕಡೆ ಪಿಕ್ಕಾಸು ಹಾಕಿದರಲ್ಲ, ನನಗೆ ನೀರು ಸಿಕ್ಕಿದ್ದಕ್ಕಿಂತ ಅದೇ ದೊಡ್ಡದು ಅನಿಸುತ್ತದೆ. ಸಿಕ್ಕಿದ ನೀರನ್ನು ತೊಟ್ಟಿಯಲ್ಲಿ ತುಂಬಿಸಿ, ಕೆಳಗಿನ ಅಡಿಕೆ, ತೆಂಗಿಗೆ ಇಳಿಜಾರಿನಲ್ಲೇ ಬಿಟ್ಟರು. ಮಳೆನೀರು ನಿಲ್ಲಲೆಂದು ಇಂಗುಗುಂಡಿಗಳನ್ನೂ ತೋಡಿದರು. ಬರೀ ಕೊರೆದರೆ ಸಾಲದು. ಗುಡ್ಡದ ನೆತ್ತಿಯಲ್ಲಿ ಮಳೆನೀರು ಇಂಗದಿದ್ದರೆ ಬೇಸಿಗೆಯಲ್ಲಿ ಒರತೆ ಬತ್ತುತ್ತದೆ. ಪಕ್ಕದಲ್ಲೇ ಆಳದ ಬೋರ್‌ವೆಲ್ ಬಿದ್ದರೂ ಅದೇ ಗತಿಯಾಗಬಹುದು.