ಚಂಡಮಾರುತದ ದಿನ ಅಮಾದೊ ಮುಚ್ಚಿದ್ದು

2019ರ ಅಕ್ಟೋಬರ್ 12. ಹಗಿಬಿಸ್ ಚಂಡಮಾರುತ ಸಂಜೆ ಹೊತ್ತಿಗೆ ಜಪಾನಿನ ದಡ ಮುಟ್ಟುತ್ತದೆ ಅಂತ ಟಿವಿಯಲ್ಲಿ ಒಂದೇ ಸಮನೆ ಹೇಳುತ್ತಿದ್ದರು. ನಾನಿದ್ದದ್ದು ಕಾಮಾಕುರಾದ ಹಳೇ ಮರದ ಮನೆಯೊಂದರಲ್ಲಿ, ಬಾಡಿಗೆಗೆ. ಹಿಂದಿನ ತಿಂಗಳಷ್ಟೇ ಇನ್ನೊಂದು ಚಂಡಮಾರುತ ಚಿಬಾದಲ್ಲಿ ಸಾವಿರಾರು ಮನೆಗಳ ಮಾಡು ಕೆಡಿಸಿತ್ತು. ಹಾಗಾಗಿ ಕಿಟಕಿ ಗಾಜಿಗೆ ಅಂಟಿಸುವ ಟೇಪು ಯಾವ ಅಂಗಡಿಯಲ್ಲೂ ಇಲ್ಲ.

"ನಿನಗೆ ಟೇಪು ಯಾಕೆ? ಅಮಾದೊ ಇದೆಯಲ್ಲ" ಅಂದರು ಮನೆ ಮಾಲೀಕರಾದ ಅಜ್ಜಿ.

ಅಮಾದೊ ಅಂದರೆ ಮನೆಯ ಹೊರಮೈಗೆ ಎಳೆದು ಮುಚ್ಚುವ ತೆಳು ಮರದ ಬಾಗಿಲುಗಳು. ಹಗಲು ಗೋಡೆಗೆ ಹೊಂದಿಸಿದ ತೊಬುಕುರೊ ಎಂಬ ಪೆಟ್ಟಿಗೆಯಲ್ಲಿ ಒಂದರ ಪಕ್ಕ ಒಂದು ನಿಂತಿರುತ್ತವೆ. ಜಗಲಿಯ ಅಂಚಿನಲ್ಲಿ ಒಂದೇ ಒಂದು ಜಾಡು. ಅದರಲ್ಲೇ ಒಂದರ ಹಿಂದೆ ಒಂದನ್ನು ತಳ್ಳಬೇಕು. ಊರಿನಲ್ಲಿ ನಾವು ಎರಚಲು ತಡೆಯಲು ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದೆವು. ಅದನ್ನು ಕಟ್ಟಿದರೆ ಮಳೆಗಾಲ ಮುಗಿಯುವ ತನಕ ಬಿಚ್ಚುವಂತಿಲ್ಲ. ಇದು ರಾತ್ರಿ ಮುಚ್ಚಿ ಬೆಳಿಗ್ಗೆ ತೆರೆಯುವಂಥದ್ದು.

ನಮ್ಮ ಜಗಲಿ ಮೂಲೆಯಲ್ಲಿ ತಿರುಗಿ ಇನ್ನೊಂದು ಬದಿಗೂ ಹೋಗುತ್ತಿತ್ತು. ಪೆಟ್ಟಿಗೆ ಮಾತ್ರ ಒಂದೇ ಕಡೆ. ಹಾಗಾದರೆ ಆ ಬದಿಗೆ ಬಾಗಿಲು ಹೋಗುವುದು ಹೇಗೆ? ಮೂಲೆಯಲ್ಲಿ ಬೆರಳು ಗಾತ್ರದ ಕಬ್ಬಿಣದ ಗೂಟ ಇದೆ. ಬಾಗಿಲನ್ನು ಮೂಲೆ ದಾಟಿಸಿ ತಳ್ಳಿದರೆ ಅದರ ಹಿಂದಿನ ಅಂಚು ಗೂಟಕ್ಕೆ ಬಂದು ನಿಲ್ಲುತ್ತದೆ. ಆಗ ಅಲ್ಲೇ ತಿರುಗಿಸಿ, ಪಕ್ಕದ ಜಾಡಿಗೆ ಕೂರಿಸಿ, ಮತ್ತೆ ತಳ್ಳುವುದು. ಎಂಥ ಜಾಣ ಬಡಗಿ ಯೋಚಿಸಿರಬೇಕು ಅಲ್ವಾ! ಅಜ್ಜಿ ಜಾಡಿಗೆ ಮೇಣದ ಬತ್ತಿ ಉಜ್ಜಿಕೊಟ್ಟರು. ಆದರೂ ಅಷ್ಟರಲ್ಲಿ ಗಾಳಿ ಜಾಸ್ತಿಯಾಗಿ, ಅರ್ಧ ತಿರುಗಿದ ಬಾಗಿಲು ಕೈಯಿಂದ ಕಿತ್ತುಕೊಂಡು ಹೋಗುವಂತಾಯಿತು. ಅವರು ಭುಜ ಕೊಟ್ಟು ಒತ್ತಿದರು. ಆ ವಯಸ್ಸಿನಲ್ಲಿ! ಕೊನೆಯ ಬಾಗಿಲ ಮರದ ಅಗುಳಿ ಬಿದ್ದಾಗ ಒಳಗೆಲ್ಲ ಕತ್ತಲೆ.

ಹೊರಗೆ ಏನಾಗುತ್ತಿದೆ ಅಂತ ಕಾಣದೆ, ಬರೀ ಕೇಳುತ್ತಾ ಕೂರುವುದು ಸುಲಭವಲ್ಲ. ಆರೂ ಇಪ್ಪತ್ತರ ಸುಮಾರಿಗೆ ಭೂಕಂಪ ಬೇರೆ. ಏಳರ ಒಳಗೆ ಚಂಡಮಾರುತ ಇಜು ಪರ್ಯಾಯ ದ್ವೀಪಕ್ಕೆ ಬಡಿಯಿತು. ಬಾಗಿಲುಗಳು ಜಾಡಿನಲ್ಲೇ ಕುಣಿದವು. ಎಲ್ಲೋ ಒಮ್ಮೆ ಫಟ್ ಅಂತ ಸದ್ದಾಯಿತು. ಆ ರಾತ್ರಿ ಆ ತೆಳು ಮರದ ಮೇಲೆ ನನಗೆ ಬಂದ ನಂಬಿಕೆ ಇವತ್ತಿಗೂ ಹೋಗಿಲ್ಲ. ಗಾಜಿನ ಆಚೆಗೆ ಇನ್ನೊಂದು ಪದರ ಇರಲೇಬೇಕು. ನೀರಿನ ಎದುರು ಇದೇನೂ ನಡೆಯದು, ನಿಜ. ನಾಗಾನೊದಲ್ಲಿ ಚಿಕುಮಾ ನದಿ ದಂಡೆ ಒಡೆದು, ಶಿಂಕಾನ್ಸೆನ್ ರೈಲುಗಳೇ ನಿಂತಲ್ಲಿ ಮುಳುಗಿದವು.

ಬೆಳಿಗ್ಗೆ ನೋಡಿದರೆ ಒಂದು ಬಾಗಿಲ ನಡುವಿನ ಹಲಗೆ ಸೀಳಿತ್ತು. ಕೆಳಗೆ ಯಾರದ್ದೋ ಮನೆಯ ಹೆಂಚಿನ ಚೂರು. ಒಳಗಿನ ಕಾಗದದ ಶೋಜಿ ಬಾಗಿಲಿಗೆ ಒಂದು ಗೀರೂ ಇಲ್ಲ. ಆಮೇಲೆ ಬಂದ ಬಡಗಿ ಚೌಕಟ್ಟು ಹಾಗೇ ಉಳಿಸಿ, ಸೀಳಿದ ಹಲಗೆಯೊಂದನ್ನೇ ತೆಗೆದು ಹೊಸ ಸುಗಿ ಮರದ ಹಲಗೆ ಕೂರಿಸಿದ. ಬಿಸಿಲಿಗೆ ಬೂದಿ ಬಣ್ಣವಾದ ಹಳೇ ಹಲಗೆಗಳ ನಡುವೆ ಅದೊಂದು ಕೆಂಪಗೆ ಕಾಣುತ್ತಿತ್ತು. ಬಣ್ಣ ಹಚ್ಚಲಾ ಅಂತ ಅವನು ಕೇಳಿದ್ದಕ್ಕೆ ಅಜ್ಜಿ ಬೇಡ ಅಂದರು.