ಎಲ್ಲರೂ ಒಂದೇ ಗ್ರಾಫ್ ನೋಡುತ್ತಿದ್ದಾಗ

ಸಿಸ್ಟಮ್ ಕೆಟ್ಟು ನಿಂತ ಮೇಲೆ ಯಾಕೆ ಅಂತ ಬರೆಯುವ ಆರ್‌ಸಿಎ ಡಾಕ್ಯುಮೆಂಟಿನಲ್ಲಿ ರೂಟ್ ಕಾಸ್ (ಮೂಲ ಕಾರಣ) ಅಂತ ಒಂದು ಕಾಲಂ ಇರುತ್ತದೆ. ನಮ್ಮದರಲ್ಲಿ ಬರೆದದ್ದು: 'ಬಳಕೆಯಲ್ಲಿಲ್ಲದ ರೆಪ್ಲಿಕೇಶನ್ ಸ್ಲಾಟ್‌ನಿಂದ ಡಿಸ್ಕ್ ಫುಲ್.' ಡೇಟಾಬೇಸಿನ ನಕಲು ಎಲ್ಲಿತನಕ ಓದಿದೆ ಅಂತ ಮೂಲ ಡೇಟಾಬೇಸ್ ಇಟ್ಟುಕೊಳ್ಳುವ ಗುರುತೇ ಈ ಸ್ಲಾಟ್. ಬರೆದದ್ದು ಸುಳ್ಳೇನಲ್ಲ. ಆದರೆ ಆ ಡಿಸ್ಕ್ ನಿಧಾನವಾಗಿ, ನಮ್ಮ ಕಣ್ಣೆದುರೇ ತುಂಬಿತು. ಅಷ್ಟೂ ಹೊತ್ತು ಅಷ್ಟು ಜನ ಬ್ರಿಡ್ಜ್‌ನಲ್ಲೇ (ತೊಂದರೆಯಾದಾಗ ಎಲ್ಲರೂ ಸೇರುವ ಕಾಲ್) ಇದ್ದೆವು. ಅದನ್ನು ಬರೆಯೋಕೆ ಮಾತ್ರ ಯಾವ ಕಾಲಮ್ಮೂ ಇಲ್ಲ.

ಅವತ್ತು ನಮ್ಮ ಸಾಫ್ಟ್‌ವೇರ್‌ನ ಹೊಸ ರಿಲೀಸ್, ತೊಂದರೆ ಬಂದರೆ ನೋಡುವ ಆನ್‌ಕಾಲ್ ಸರದಿ ನನ್ನದು. ರಿಲೀಸ್ ಆದ ಸ್ವಲ್ಪ ಹೊತ್ತಿಗೆ ರಿಪೋರ್ಟ್ ಪೇಜ್ ನಿಧಾನವಾಯಿತು. ಬರೀ ಪಿ2, ಅತಿ ತುರ್ತಾದ ಪಿ1 ಅಲ್ಲ. ಡೆಲಿವರಿ ಮ್ಯಾನೇಜರ್ ಬ್ರಿಡ್ಜ್‌ಗೆ ಬಂದವರೇ ರೆಸ್ಪಾನ್ಸ್ ಟೈಮ್ ಗ್ರಾಫ್ ಶೇರ್ ಮಾಡಿದರು. ಅಲ್ಲಿಗೆ ಮುಗಿಯಿತು. ಶೇರ್ ಆದ ಸ್ಕ್ರೀನಿನಲ್ಲಿ ಏನು ಕೆಂಪಗಿದೆಯೋ ಅದೇ ಸಮಸ್ಯೆ, ಬೇರೆ ಯಾವುದೂ ಅಲ್ಲ.

"ಕೋಡ್‌ದೇ ಸರ್, ರೋಲ್‌ಬ್ಯಾಕ್ ಮಾಡೋಣ" ಅಂದವನು ನಾನೇ, ಅಂದರೆ ಹಳೇ ಕೋಡ್‌ಗೇ ವಾಪಸ್. ಹೊಸ ಕೋಡ್ ಹೋಗಿದೆ, ಪೇಜ್ ನಿಧಾನ ಆಗಿದೆ, ಇನ್ನೇನು ಬೇಕು? ರೋಲ್‌ಬ್ಯಾಕ್ ಶುರು ಮಾಡಿದಾಗ ಗ್ರಾಫ್ ಇಳಿಯಿತು ಬೇರೆ. ಪಾಡ್‌ಗಳು (ಕೋಡ್ ಓಡಿಸುವ ಘಟಕಗಳು) ರೀಸ್ಟಾರ್ಟ್ ಆಗುವಾಗ ರಿಕ್ವೆಸ್ಟ್‌ಗಳೇ ಒಳಗೆ ಬರುತ್ತಿರಲಿಲ್ಲ, ಇಳಿಯದೆ ಇನ್ನೇನು ಮಾಡೀತು? ನಾನು ಮಾತ್ರ "ನೋಡಿ, ಹೇಳಲಿಲ್ವಾ" ಅಂದೆ.

ಅದೇ ಹೊತ್ತಿಗೆ, ತಂಡಕ್ಕೆ ಹೊಸದಾಗಿ ಸೇರಿದವಳೊಬ್ಬಳು ಚಾಟ್‌ನಲ್ಲಿ ಬರೆದಳು: "ಪ್ರೈಮರಿ ಡಿಬಿ ಡಿಸ್ಕ್ 91% ತೋರಿಸ್ತಾ ಇದೆ. ಯಾರಾದ್ರೂ ನೋಡ್ತಿದ್ದೀರಾ?" ಮುಖ್ಯ ಡೇಟಾಬೇಸಿನ ಡಿಸ್ಕ್ ಅದು. ನಾನು ಓದಿದೆ. ಉತ್ತರವನ್ನೂ ಹಾಕಿದೆ: "ರೋಲ್‌ಬ್ಯಾಕ್ ಮುಗೀಲಿ, ಆಮೇಲೆ ನೋಡೋಣ." ಅದರ ಮೇಲೆ 'ಎನಿ ಅಪ್‌ಡೇಟ್?', 'ಇಟಿಎ ಪ್ಲೀಸ್' (ಯಾವಾಗ ಸರಿಹೋಗುತ್ತೆ) ಬಂದು ಬಿದ್ದವು. ಅವಳು ಮತ್ತೆ 94 ಅಂತ ಹಾಕಿದಳು. ಅದಕ್ಕೆ ಯಾರೋ ಥಂಬ್ಸ್ ಅಪ್ ಒತ್ತಿದರು. ಆ ಥಂಬ್ಸ್ ಅಪ್ ಏನು ಹೇಳುತ್ತಿತ್ತು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಶ್ವಾಸಕೋಶದ ಸಿಟಿ ಸ್ಕ್ಯಾನ್‌ನೊಳಗೆ ಗೊರಿಲ್ಲಾದ ಚಿತ್ರ ಸೇರಿಸಿ 24 ರೇಡಿಯಾಲಜಿಸ್ಟ್‌ಗಳಿಗೆ ಕೊಟ್ಟಿದ್ದರು. ಹುಡುಕಬೇಕಾದದ್ದು ಗಂಟುಗಳನ್ನು. 20 ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ, ಅವರಲ್ಲಿ ಹೆಚ್ಚಿನವರ ಕಣ್ಣು ನೇರ ಅದರ ಮೇಲೇ ಹೋಗಿದ್ದರೂ. ಆ 91% ನನಗೆ ಕಂಡಿದ್ದೂ ಹಾಗೆಯೇ.

ಆಗಿದ್ದಿಷ್ಟು. ಮಧ್ಯಾಹ್ನ ಇನ್ನೊಂದು ತಂಡ ಹಳೇ ರೆಪ್ಲಿಕಾ (ಡೇಟಾಬೇಸಿನ ನಕಲು) ತೆಗೆದಿತ್ತು, ಅದರ ಸ್ಲಾಟ್ ತೆಗೆದಿರಲಿಲ್ಲ. ಸ್ಲಾಟ್ ಇರುವ ತನಕ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್, ಆ ರೆಪ್ಲಿಕಾ ಮತ್ತೆ ಬಂದು ಕೇಳುತ್ತದೆ ಅಂತ ವಾಲ್ ಫೈಲ್‌ಗಳನ್ನು (ಪ್ರತಿ ಬದಲಾವಣೆಯ ದಾಖಲೆ) ಎತ್ತಿಡುತ್ತಲೇ ಇರುತ್ತದೆ. ಇದಕ್ಕೊಂದು ಮಿತಿ ಹಾಕುವ ಸೆಟ್ಟಿಂಗ್ 2020ರಲ್ಲಿ ಬಂದ ವರ್ಷನ್ 13ರಿಂದ ಇದೆ. ನಾವು ಹಾಕದಿದ್ದರೆ ಮಿತಿಯೇ ಇಲ್ಲ. ನಾವು ಹಾಕಿರಲಿಲ್ಲ. ಇದರ ಮೇಲೆ ರಿಲೀಸ್ ಜೊತೆ ಹೋದ ಬ್ಯಾಕ್‌ಫಿಲ್ ಜಾಬ್ (ಹಳೇ ದಾಖಲೆಗಳಿಗೆ ಹೊಸ ಮಾಹಿತಿ ತುಂಬುವ ಕೆಲಸ) ದೊಡ್ಡ ಟೇಬಲ್ ಒಂದಕ್ಕೆ ಬರೆಯುತ್ತಲೇ ಇತ್ತು, ವಾಲ್ ಬೆಳೆಯುತ್ತಲೇ ಇತ್ತು. ಪೇಜ್ ನಿಧಾನ ಆಗಿದ್ದೂ ಅದರಿಂದಲೇ. ಕೋಡ್ ರೋಲ್‌ಬ್ಯಾಕ್ ಮಾಡಿದರೆ ಜಾಬ್ ನಿಲ್ಲುತ್ತಾ? ನಿಲ್ಲಲ್ಲ.

ಆಮೇಲೆ ಲಾಗ್‌ನಲ್ಲಿ 'ಪ್ಯಾನಿಕ್', ಪಕ್ಕದಲ್ಲೇ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಡಿಬಿ ಮಲಗಿತು. ಪಿ2 ಹೋಗಿ ಪಿ1 ಆಯಿತು. ವಾಲ್ ಫೋಲ್ಡರಿನ ಹಳೇ ಫೈಲ್‌ಗಳನ್ನು ಕೈಯಾರೆ ಡಿಲೀಟ್ ಮಾಡೋಣ್ವಾ ಅಂತ ಒಬ್ಬರು ಕೇಳಿದರು. ಹಾಗೆ ಮಾಡಿದ್ದರೆ ಡಿಬಿ ಮತ್ತೆ ಏಳುವುದಕ್ಕೇ ಗ್ಯಾರಂಟಿ ಇರುತ್ತಿರಲಿಲ್ಲ. ಪುಣ್ಯಕ್ಕೆ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ "ಮುಟ್ಟಬೇಡಿ" ಅಂತ ಕೂಗಿಕೊಂಡರು. ಡಿಸ್ಕ್ ದೊಡ್ಡದು ಮಾಡಿ, ಡಿಬಿ ಸ್ಟಾರ್ಟ್ ಮಾಡಿ, ಸ್ಲಾಟ್ ಡ್ರಾಪ್ ಮಾಡಿದ್ದಾಯಿತು.

ಆರ್‌ಸಿಎ ಮೀಟಿಂಗ್‌ನಲ್ಲಿ ಮೇಲಿನವರು ಕೊಟ್ಟ ಪರಿಹಾರ: ಇನ್ನಷ್ಟು ಅಲರ್ಟ್. ಅಯ್ಯೋ, 80% ದಾಟಿದಾಗಲೇ ಅಲರ್ಟ್ ಮೇಲ್ ಬಂದಿತ್ತು ಸ್ವಾಮಿ. ಸುಮ್ನೆ ಬರುವ ಮೇಲ್‌ಗಳ ಕಾಟಕ್ಕೆ ನಾವೆಲ್ಲ ರೂಲ್ ಹಾಕಿ, ಅವನ್ನು ಯಾರೂ ತೆರೆಯದ ಫೋಲ್ಡರ್‌ಗೆ ತಳ್ಳಿದ್ದೆವು. ಅಲರ್ಟ್ ಕಡಿಮೆ ಇರಲಿಲ್ಲ, ಜಾಸ್ತಿಯಾಗಿತ್ತು.

1972ರ ಡಿಸೆಂಬರ್‌ನಲ್ಲಿ ಮಯಾಮಿ ಹತ್ತಿರ ಈಸ್ಟರ್ನ್ ಏರ್‌ಲೈನ್ಸ್ 401 ವಿಮಾನ ಬಿತ್ತು. ಲ್ಯಾಂಡಿಂಗ್ ಗೇರ್ ಸೂಚಿಸುವ ಒಂದು ಬಲ್ಬ್ ಸುಟ್ಟಿತ್ತು, ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಅದರ ಹಿಂದೆ ಬಿದ್ದಿದ್ದರು. ವಿಮಾನ ಕೆಳಗಿಳಿಯುತ್ತಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಎಚ್ಚರಿಕೆಯ ಸದ್ದೂ ಆಗಿತ್ತು. ನಮ್ಮ ಪೇಜ್ ತೆರೆಯದಿದ್ದರೆ ಯಾರೂ ಸಾಯುವುದಿಲ್ಲ, ಒಪ್ಪುತ್ತೇನೆ. ಆದರೆ ಅದನ್ನು ಓದಿದ ಮೇಲೆ ಬ್ರಿಡ್ಜ್ ಶುರುವಾದ ಕೂಡಲೇ ನಾನು ಕೇಳುವುದು ಒಂದೇ: ಈ ಗ್ರಾಫ್ ಬಿಟ್ಟು ಬಾಕಿಯದನ್ನೆಲ್ಲ ನೋಡುವವರು ಯಾರು? ಆ ಒಬ್ಬರು ಮುಖ್ಯ ಸಮಸ್ಯೆಗೆ ಕೈ ಹಾಕುವ ಹಾಗಿಲ್ಲ. ಡಿಸ್ಕ್, ಕನೆಕ್ಷನ್, ಕ್ಯೂ, ಚಾಟ್ ನೋಡುತ್ತಾ ಇರಬೇಕು, ಅಷ್ಟೇ. ಅವರು ಮಾತಾಡಿದರೆ ಉಳಿದವರು ಬಾಯಿ ಮುಚ್ಚಬೇಕು. ಅವತ್ತು 91 ಅಂದವಳೇ ಈಗ ಹೆಚ್ಚಾಗಿ ಆ ಜಾಗದಲ್ಲಿ ಕೂರುತ್ತಾಳೆ.

ಇನ್ನೊಂದು ಬದಲಾವಣೆ ಸಿಗಲು ಜಗಳವೇ ಆಡಬೇಕಾಯಿತು. ಅಮೆರಿಕದ ವಿಮಾನಗಳಲ್ಲಿ 1981ರಿಂದ ಒಂದು ನಿಯಮ ಇದೆ. ಹಾರಾಟ 10,000 ಅಡಿಗಿಂತ ಕೆಳಗಿದ್ದಾಗ ಪೈಲಟ್‌ಗಳು ಕೆಲಸಕ್ಕೆ ಸಂಬಂಧವಿಲ್ಲದ ಮಾತು ಆಡುವ ಹಾಗಿಲ್ಲ. ಅದೇ ಥರ ಬ್ರಿಡ್ಜ್‌ನ ಮೊದಲ 15 ನಿಮಿಷ 'ಎನಿ ಅಪ್‌ಡೇಟ್' ಬೇಡ ಅಂದೆ. ಪಿ1ಗೆ ಮಾತ್ರ ಒಪ್ಪಿದ್ದಾರೆ. ಅವತ್ತು ಶುರುವಾಗಿದ್ದೂ ಪಿ2 ಆಗಿಯೇ ಅಲ್ವಾ ಅಂತ ಮೇಲ್ ಹಾಕಿದೆ. 'ನೋಟೆಡ್' ಅಂತ ಉತ್ತರ ಬಂದಿದೆ.