ಗ್ರಿಪ್ ಇದೆಯಲ್ಲಾ, ಮತ್ತೇನು?

ಹಾಸನದ ಬಿ.ಎಂ. ರಸ್ತೆಯ ಒಂದು ಟೈರ್ ಅಂಗಡಿಯಲ್ಲಿ ಅಲೈನ್‌ಮೆಂಟ್ ಕೆಲಸಕ್ಕೆ ಸೇರಿ ಹನ್ನೆರಡು ವರ್ಷ ದಾಟಿತು. ಬಂದವರೆಲ್ಲ ಕೇಳುವುದು ಒಂದೇ: "ಈ ಟೈರ್ ಇನ್ನೆಷ್ಟು ಕಿಲೋಮೀಟರ್ ಬರುತ್ತೆ?" ಇದಕ್ಕೆಷ್ಟು ವರ್ಷ ಆಯ್ತು ಅಂತ ಕೇಳುವವರು ತಿಂಗಳಿಗೊಬ್ಬರು ಸಿಕ್ಕರೆ ಹೆಚ್ಚು. ಮೊದಮೊದಲು ನಾನೂ ಕಿಲೋಮೀಟರ್ ಲೆಕ್ಕದವನೇ. ಆ ಲೆಕ್ಕ ಕೈಕೊಟ್ಟಿದ್ದು 2017ರ ಏಪ್ರಿಲ್‌ನಲ್ಲಿ.

ನಿವೃತ್ತ ಮೇಷ್ಟ್ರೊಬ್ಬರು ಕಾರು ತಂದರು. ಮನೆಮಂದಿಯೆಲ್ಲ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೊರಟಿದ್ದರು. "ಒಂದ್ಸಲ ಟೈರೆಲ್ಲ ನೋಡಿಬಿಡಪ್ಪ" ಅಂದರು. ಗೇಜ್ ಇಟ್ಟು ನೋಡಿದೆ, ಎಲ್ಲ ಟೈರಲ್ಲೂ ಗ್ರಿಪ್, ಅಂದರೆ ಮೇಲಿನ ಸಂದಿಗಳ ಆಳ, 5 ಮಿಲಿಮೀಟರ್ ಮೇಲೇ ಇದೆ. ಹೊಸ ಕಾರ್ ಟೈರಿನಲ್ಲೇ ಸುಮಾರು 8 ಇರುವುದು. ಮೀಟರಿನಲ್ಲಿ 26 ಸಾವಿರ ಚಿಲ್ಲರೆ ಕಿಲೋಮೀಟರ್. ಟೈರಿನ ಮೇಲೆ ತಯಾರಾದ ತಾರೀಖು ಇರುತ್ತದೆ ಅನ್ನುವುದು ಗೊತ್ತಿಲ್ಲದೇ ಇರಲಿಲ್ಲ. ಆದರೆ ಅದು ಸಾಮಾನ್ಯವಾಗಿ ಟೈರಿನ ಒಂದು ಮಗ್ಗುಲಿಗೆ ಮಾತ್ರ ಅಚ್ಚಾಗಿರುತ್ತದೆ. ಅವರ ಕಾರಿನಲ್ಲಿ ಆ ಮಗ್ಗುಲು ಒಳಗಡೆ ಬಿದ್ದಿತ್ತು. ನೋಡಬೇಕೆಂದರೆ ಟಾರ್ಚ್ ಹಿಡಿದು ಕಾರಿನಡಿ ತೂರಬೇಕು. ಹೊರಗೆ ನಾಲ್ಕು ಗಾಡಿ ಕಾಯುತ್ತಿದ್ದವು. "ಆರಾಮಾಗಿ ಹೋಗಿಬನ್ನಿ ಮೇಷ್ಟ್ರೇ" ಅಂದುಬಿಟ್ಟೆ.

ಮೂರನೇ ದಿನ ಅವರು ಆಟೋದಲ್ಲಿ ಬಂದಿಳಿದರು. ಜೊತೆಗೊಂದು ಟೈರ್. ವಾಪಸ್ ಬರುವಾಗ ಘಾಟಿ ಹತ್ತಿ, ಸಕಲೇಶಪುರ ದಾಟಿ, ಆಲೂರು ಕಡೆಯ ನೇರ ರಸ್ತೆಯಲ್ಲಿ ಸ್ಪೀಡು ಹಿಡಿದಿದ್ದರಂತೆ. ಮಟಮಟ ಮಧ್ಯಾಹ್ನ, ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಲಗೇಜು. ಎಡಗಡೆ ಹಿಂದಿನ ಟೈರು ಢಬ್ ಅಂದಿದೆ, ಕಾರು ಓಲಾಡಿ ರಸ್ತೆ ಪಕ್ಕದ ಮಣ್ಣಿಗಿಳಿದು ನಿಂತಿದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಟೈರು ಮಾತ್ರ ಚಪ್ಪಲಿಯ ಅಟ್ಟೆ ಕಿತ್ತುಬಂದ ಹಾಗೆ ಬಂದಿತ್ತು. ಗ್ರಿಪ್ಪಿನ ಪಟ್ಟಿ ಅರ್ಧ ಸುತ್ತು ಬೇರೆಯಾಗಿ ಜೋತಾಡುತ್ತಿತ್ತು, ಒಳಗಿನ ಸ್ಟೀಲ್ ತಂತಿಗಳು ಪೊರಕೆ ಕಡ್ಡಿಯಂತೆ ಎದ್ದು ನಿಂತಿದ್ದವು.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಇದರಲ್ಲಿ ಹುಟ್ಟಿದ ತಾರೀಖು ಬರೆದಿರ್ತಾರಂತಲ್ಲ, ತೋರಿಸಪ್ಪ" ಅಂದರು. ಮಗ್ಗುಲು ತಿರುಗಿಸಿ ಬಟ್ಟೆಯಲ್ಲಿ ಒರೆಸಿದೆ. ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ಸಣ್ಣದೊಂದು ಚೌಕಟ್ಟು, ಅದರೊಳಗೆ 0708. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಅಂದರೆ 2008ರ ಏಳನೇ ವಾರ, ಫೆಬ್ರವರಿ. ಮೇಷ್ಟ್ರು ಬೆರಳು ಮಡಿಸಿ ಎಣಿಸಿದರು. "ಒಂಬತ್ತು ವರ್ಷ ಆಯ್ತಲ್ಲೋ. ಅವತ್ತು ಇದನ್ನ ಓದಲಿಲ್ವಾ ನೀನು?"

ಓದಿರಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಕಡಿಮೆ ಓಡಿದ ಟೈರು ಜಾಸ್ತಿ ಬಾಳಿಕೆ ಬರುತ್ತದೆ ಅನ್ನುವುದು ಅರ್ಧ ಸತ್ಯ. ಸವೆಯುವುದಿಲ್ಲ, ಸರಿ. ಆದರೆ ರಬ್ಬರಿಗೆ ವಯಸ್ಸಾಗುವುದು ಗಾಳಿಯಲ್ಲಿರುವ ಆಮ್ಲಜನಕ, ಓಜೋನ್, ಬಿಸಿಲು, ಕಾವು ಇವುಗಳಿಂದ. ಅದನ್ನು ತಡೆಯಲೆಂದೇ ಟೈರ್ ಮಾಡುವಾಗ ರಬ್ಬರಿಗೆ ಮೇಣ ಮತ್ತು ಕೆಲವು ರಾಸಾಯನಿಕ ಸೇರಿಸಿರುತ್ತಾರೆ. ಟೈರು ಉರುಳುತ್ತ ಬಳುಕುತ್ತ ಇದ್ದರೆ ಅವು ಮೇಲ್ಮೈಗೆ ಬಂದು ಕಾಪಾಡುತ್ತವೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಆ ಕೆಲಸ ಸರಿಯಾಗಿ ಆಗದು. ಹಾಗಾಗಿ ಭಾನುವಾರ ಮಾತ್ರ ಹೊರಗೆ ಬರುವ ಕಾರಿನ ಟೈರಿನ ಮಗ್ಗುಲಲ್ಲಿ ಒಣಗಿದ ಕೆರೆಯ ಹಾಗೆ ಸಣ್ಣ ಬಿರುಕು ಬೇಗ ಕಾಣಿಸಿಕೊಳ್ಳುತ್ತದೆ. ಒಳಗಿನ ಪದರಗಳ ನಡುವಿನ ಅಂಟೂ ಸಡಿಲವಾಗುತ್ತ ಬರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಅಂಥ ಟೈರಿಗೆ ಒಂದು ದಿನ ಭಾರ, ಬಿಸಿಲು, ಸ್ಪೀಡು ಮೂರೂ ಒಟ್ಟಿಗೆ ಸಿಕ್ಕಿತು ಅನ್ನಿ, ಮೇಷ್ಟ್ರ ಕಾರಿಗೆ ಆದದ್ದೇ ಆಗುವುದು. ಗಾಳಿ ಕಡಿಮೆಯಿದ್ದರೆ ಟೈರು ಹೆಚ್ಚು ಬಳುಕಿ ಇನ್ನೂ ಬಿಸಿಯಾಗುತ್ತದೆ.

ಕಾರ್ ಕಂಪನಿಗಳು ಹಲವು ಆರು ವರ್ಷಕ್ಕೆ ಬದಲಾಯಿಸಿ ಅನ್ನುತ್ತವೆ. ಟೈರ್ ಕಂಪನಿಗಳಲ್ಲಿ ಕೆಲವು, ಐದು ವರ್ಷ ಆದಮೇಲೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ, ಗ್ರಿಪ್ ಎಷ್ಟೇ ಇರಲಿ ಹತ್ತು ವರ್ಷಕ್ಕೆ ತೆಗೆದೇಬಿಡಿ ಅನ್ನುತ್ತವೆ. ನನ್ನ ಲೆಕ್ಕ ಸ್ವಲ್ಪ ಬೇರೆ. ಹಾಸನದೊಳಗೇ ಮಾರ್ಕೆಟ್ಟು, ದೇವಸ್ಥಾನ ಅಂತ ಓಡಾಡುವ ಕಾರಿಗೆ ಬಿರುಕಿಲ್ಲದ ಏಳು ವರ್ಷದ ಟೈರಿದ್ದರೆ ನಾನು ಗಲಾಟೆ ಮಾಡಲ್ಲ. ಘಾಟಿ ಇಳಿಯುವವರಿಗೆ, ಬೆಂಗಳೂರು ಹೈವೇಯಲ್ಲಿ ನೂರರ ಮೇಲೆ ಓಡಿಸುವವರಿಗೆ ಆರೇ ಕೊನೆ.

ಸವೆತದ ವಿಷಯದಲ್ಲಿ ಕಾನೂನೇ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿಲಿಮೀಟರ್ ಗ್ರಿಪ್ ಇರಬೇಕು. ಗ್ರಿಪ್ಪಿನ ಸಂದಿಯೊಳಗೆ ಅಡ್ಡಡ್ಡ ಸಣ್ಣ ದಿಬ್ಬ ಇರುತ್ತದೆ, ಅದಿರುವ ಕಡೆ ಟೈರಿನ ಅಂಚಿನಲ್ಲಿ ಟಿಡಬ್ಲ್ಯುಐ ಅಂತಲೋ ಪುಟ್ಟ ತ್ರಿಕೋನವೋ ಇರುತ್ತದೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಮುಗಿಯಿತು. ಆದರೆ ಶಿರಾಡಿಯ ಜುಲೈ ಮಳೆಗೆ 1.6 ಯಾವ ಮೂಲೆಗೆ? ಸಂದಿಯಲ್ಲಿ ನೀರು ಹೊರಹೋಗಲು ಜಾಗ ಇಲ್ಲದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ, ಬ್ರೇಕು ಸ್ಟೇರಿಂಗು ಎರಡೂ ಮಾತು ಕೇಳುವುದಿಲ್ಲ. 3ಕ್ಕೆ ಇಳಿದರೆ ಮಳೆಗಾಲಕ್ಕೆ ಮುಂಚೆ ಹಾಕಿಸಿ ಅಂತಲೇ ನಾನು ಹೇಳುವುದು. ಕಿಲೋಮೀಟರ್ ಬೇಕೇಬೇಕು ಅನ್ನುವವರಿಗೆ: ನಾನು ಕಂಡ ಹಾಗೆ ಸಾಧಾರಣ ಕಾರಿಗೆ ನಲವತ್ತರಿಂದ ಐವತ್ತು ಸಾವಿರ. ಎಸ್ಟೇಟ್ ರಸ್ತೆಯಲ್ಲಿ ಓಡಾಡುವವರಿಗೆ ಅಷ್ಟೂ ಇಲ್ಲ.

ಅಂದಹಾಗೆ, ಹೊರಗಿಂದ ನೋಡಿ ಟೈರ್ ಚೆನ್ನಾಗಿದೆ ಅನ್ನಬೇಡಿ. ಅಲೈನ್‌ಮೆಂಟ್ ಕೆಟ್ಟ ಕಾರಿನಲ್ಲಿ ಹೊರ ಅಂಚು ಹೊಸದರ ಹಾಗಿದ್ದು ಒಳ ಅಂಚಿನಲ್ಲಿ ತಂತಿ ಕಾಣುವುದು ನಮಗೆ ವಾರಕ್ಕೊಂದು ಸಿಗುತ್ತದೆ. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಇಳಿದು, ಮುಂದಿನ ಟೈರಿನ ಒಳಗಡೆ ಕೈಯಾಡಿಸಿ. ನಡುಮಧ್ಯ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಎಷ್ಟು ಗಾಳಿ ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಸ್ಟಿಕರಿನಲ್ಲಿರುತ್ತದೆ, ಬೆಳಿಗ್ಗೆ ಟೈರು ತಣ್ಣಗಿರುವಾಗ ಹಿಡಿಸಬೇಕು. ಗುಂಡಿಗೆ ಬಿದ್ದು ಮಗ್ಗುಲಲ್ಲಿ ಬುಗುಟು ಎದ್ದಿದೆಯಾ? ಒಳಗಿನ ನೂಲು ಹರಿದಿದೆ ಅಂತಲೇ ಲೆಕ್ಕ. ಅದಕ್ಕೆ ರಿಪೇರಿ ಇಲ್ಲ, ನಿನ್ನೆ ತಾನೇ ಹಾಕಿಸಿದ ಟೈರಾದರೂ ಸರಿ.

ಎರಡೇ ಟೈರ್ ಹಾಕಿಸುವವರ ಜೊತೆ ನಂದು ದಿನಾ ವಾದ. "ಇಂಜಿನ್ ಎಳೆಯೋದು ಮುಂದಿನ ಚಕ್ರ ತಾನೇ, ಹೊಸದು ಮುಂದಕ್ಕೆ ಹಾಕಿ" ಅನ್ನುತ್ತಾರೆ. ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಕಾಲು ತೆಗೆದರೆ ಹಿಡಿತ ಸಿಗುವ ಆಸೆ ಇರುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಆಗ ನೀವು ನಾವು ಮಾಡುವುದೇನೂ ಉಳಿದಿರುವುದಿಲ್ಲ. ಹೊಸದು ಹಿಂದಕ್ಕೇ.

ಟೈರ್ ಮಾರುವವನು ಟೈರ್ ಬದಲಾಯಿಸಿ ಅಂದರೆ ಯಾರಿಗೆ ನಂಬಿಕೆ? ವ್ಯಾಪಾರಕ್ಕೆ ಹೇಳ್ತಾನೆ ಅನ್ನುವುದು ಮುಖದಲ್ಲೇ ಕಾಣುತ್ತದೆ, ತಪ್ಪೂ ಅಲ್ಲ. ಅದಕ್ಕೇ ಈಗ ಮಾತು ಕಡಿಮೆ ಮಾಡಿದ್ದೇನೆ. ಗಾಡಿ ಲಿಫ್ಟಿಗೇರಿದ ತಕ್ಷಣ ಗೇಜಿಗೂ ಮುಂಚೆ ತಾರೀಖು. ಒಳಗಡೆ ಇದ್ದರೆ ಗಿರಾಕಿಯ ಮೊಬೈಲ್ ಇಸಕೊಂಡು ಫೋಟೋ ಹೊಡೆದು ಅವರ ಕೈಗೇ ಕೊಡುತ್ತೇನೆ. ಹೊಸ ಟೈರ್ ಕೊಳ್ಳುವಾಗಲೂ ಅಂಕಿ ನೋಡಿ. ನೆರಳಿನಲ್ಲಿಟ್ಟ ಆರು ತಿಂಗಳ, ವರ್ಷದ ಸ್ಟಾಕಿಗೆ ಏನೂ ಆಗಿರಲ್ಲ. ಎರಡು ವರ್ಷ ದಾಟಿದ್ದನ್ನು ಹೊಸದರ ರೇಟಿಗೆ ಕೊಟ್ಟರೆ ಬೇಡ ಅನ್ನಿ, ಅದು ನಮ್ಮ ಅಂಗಡಿಯೇ ಆಗಿರಲಿ.

ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ವಯಸ್ಸಾಗುತ್ತದೆ ಅನ್ನುವುದು ಯಾರ ತಲೆಗೂ ಬರಲ್ಲ. ಈ ಸ್ಟೆಪ್ನಿ ಅನ್ನುವ ಹೆಸರು ಬಂದಿದ್ದು ನೂರಕ್ಕೂ ಹೆಚ್ಚು ವರ್ಷದ ಹಿಂದೆ, ಅಂಥ ಚಕ್ರ ಮೊದಲು ತಯಾರಾದ ವೇಲ್ಸ್‌ನ ಒಂದು ಬೀದಿಯಿಂದ. ನಮ್ಮಲ್ಲಿ ಕೆಲವು ಕಾರಿನ ಸ್ಟೆಪ್ನಿ ನೋಡಿದರೆ ಅಲ್ಲಿಂದಲೇ ಬಂದಿರಬೇಕು ಅನ್ನಿಸುತ್ತದೆ.

ಮೇಷ್ಟ್ರು ಆವತ್ತು ಐದೂ ಟೈರ್ ಹಾಕಿಸಿಕೊಂಡು ಹೋದರು. 2023ರ ಮೇ ತಿಂಗಳಲ್ಲಿ ಮತ್ತೆ ಬಂದರು, ಯಾರೂ ಕರೆದಿರಲಿಲ್ಲ. ಡ್ಯಾಶ್‌ಬೋರ್ಡಿನಿಂದ ಮಡಿಚಿದ ಹಾಳೆ ತೆಗೆದರು. ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ಐದು ಟೈರಿಗೂ ಒಂದೊಂದು ಸಾಲು, ಎದುರಿಗೆ ನಾಲ್ಕಂಕಿ, ಸ್ಟೆಪ್ನಿಯದೂ ಸೇರಿ. ಹೊಸ ಟೈರುಗಳ ಅಂಕಿಯನ್ನು ಕನ್ನಡಕ ಏರಿಸಿ ಒಂದೊಂದಾಗಿ ಓದಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು, ಮುನ್ನೂರು ರೂಪಾಯಿಗಾಗಿ ಮುಕ್ಕಾಲು ಗಂಟೆ ಚೌಕಾಸಿ ಮಾಡಿದರು.